ರೇಷನ್ ಅಕ್ಕಿಯ ಬದಲು ದುಡ್ಡು ಕೇಳುವ ಮುನ್ನ ಊರಲ್ಲಿ ಎಷ್ಟು ಅಂಗಡಿ ಇವೆ ನೋಡಿ

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಸಣ್ಣ ಹಳ್ಳಿ. 140 ಬಿಪಿಎಲ್ ಕಾರ್ಡುಗಳಿವೆ, ಕಾರ್ಡಿನಲ್ಲಿರುವ ಜನ ಸುಮಾರು 520. ನ್ಯಾಯಬೆಲೆ ಅಂಗಡಿ ಒಂದೇ. ತಿಂಗಳಿಗೆ ಮೂರು ದಿನ ಬಾಗಿಲು ತೆಗೆಯುತ್ತಾರೆ. ಕಾರ್ಡಿಗೆ 20 ರೂಪಾಯಿ ‘ಸರ್ವರ್ ಖರ್ಚು’ ಅಂತ ಇಸ್ಕೊಳ್ಳುತ್ತಾರೆ. ಹತ್ತು ಕಿಲೋಗೆ ಒಂದು ಕಿಲೋ ಕಡಿಮೆ ಬರುತ್ತದೆ. ಕೇಳಿದರೆ ‘ಮೂಟೆಯಲ್ಲೇ ಕಡಿಮೆ ಬಂದಿದೆ’ ಎನ್ನುತ್ತಾರೆ. ಇನ್ನೊಂದು ರೇಷನ್ ಅಂಗಡಿ ಆರು ಕಿಲೋಮೀಟರ್ ದೂರ. ದಿನಸಿ ಅಂಗಡಿಯೂ ಊರಲ್ಲಿ ಒಂದೇ. ಬೆಂಗಳೂರಿನಲ್ಲಿ ಓದುವ ನನ್ನ ಮಗ ಹೇಳುತ್ತಾನೆ: ‘ಅಮ್ಮಾ, ಅಕ್ಕಿ ನಿಲ್ಲಿಸಿ ದುಡ್ಡು ಖಾತೆಗೆ ಹಾಕಲಿ, ಪೈಪೋಟಿ ಬಂದರೆ ಎಲ್ಲ ಸರಿಹೋಗುತ್ತೆ, ಅರ್ಥಶಾಸ್ತ್ರ ಹೇಳೋದೇ ಅದು.’ ಹಾಗೆ ಬರೆದ ಅರ್ಜಿಗೆ ನಮ್ಮ ಮಹಿಳಾ ಸಂಘದವರೆಲ್ಲ ಸಹಿ ಹಾಕಬೇಕೆಂದು ಊರಿನ ಹುಡುಗರು ಕೇಳುತ್ತಿದ್ದಾರೆ. ಸಂಘದಲ್ಲಿ ಕೆಲವರು ‘ಅಂಗಡಿಯನ್ನೇ ನಾವು ನಡೆಸೋಣ’ ಎನ್ನುತ್ತಾರೆ. ನಮ್ಮತ್ತೆಯ ಬೆರಳು ಮೆಷಿನ್ನಿಗೆ ಹತ್ತುವುದೇ ಇಲ್ಲ, ಅದೊಂದು ಗೋಳು. ಸಹಿ ಹಾಕಬೇಕೋ ಬೇಡವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ. ಸರ್ಕಾರ ಕೊಡಬೇಕಾದ್ದು ಅಕ್ಕಿಯೋ ದುಡ್ಡೋ ಎನ್ನುವುದು ಒಂದು. ಯಾರ ಕೈಯಿಂದ ಕೊಡಿಸಬೇಕು, ಆ ಕೈ ಸರಿಯಿಲ್ಲದಿದ್ದರೆ ನೀವು ಬೇರೆ ಕಡೆ ಹೋಗಬಹುದೇ ಎನ್ನುವುದು ಇನ್ನೊಂದು. ಊರಿನ ಹುಡುಗರ ಅರ್ಜಿ ಎರಡನೆಯ ಕಾಯಿಲೆಗೆ ಮೊದಲನೆಯದರ ಔಷಧ ಕೇಳುತ್ತಿದೆ. ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಪೈಪೋಟಿ ಇದ್ದಲ್ಲಿ ಬಡವರ ಪಾಲು ಉಳಿಯುತ್ತದೆ, ಅದು ಅಧ್ಯಯನಗಳಲ್ಲಿ ಕಂಡ ವಿಷಯ. ಆದರೆ ದುಡ್ಡು ಖಾತೆಗೆ ಬಿದ್ದ ಮಾತ್ರಕ್ಕೆ ಪೈಪೋಟಿ ಹುಟ್ಟುವುದಿಲ್ಲ.

ಮೊದಲು ತೂಕದ ವಿಷಯ. ಪಡಿತರ ಸಮೀಕ್ಷೆಗಾಗಿ ವರ್ಷಗಟ್ಟಲೆ ಹಳ್ಳಿ ಸುತ್ತಿದ್ದೇನೆ. ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಲೆಕ್ಟ್ರಾನಿಕ್ ತಕ್ಕಡಿ ಇತ್ತು, ಅದರ ಮುಖ ಗೋಡೆಯ ಕಡೆಗಿತ್ತು. ಅಕ್ಕಿ ಅಳೆದದ್ದು ತಗಡಿನ ಡಬ್ಬದಲ್ಲಿ, ‘ಒಂದು ಡಬ್ಬ ಅಂದ್ರೆ ಐದು ಕಿಲೋ’ ಎಂಬ ಲೆಕ್ಕ. ನಾವು ಪಕ್ಕದ ಮನೆಯಿಂದ ತಕ್ಕಡಿ ತಂದು ತೂಗಿದರೆ ನಾಲ್ಕು ಕಿಲೋ ನಾನೂರು ಗ್ರಾಂ. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು ‘ನಮಗೆ ಗೊತ್ತು ಸ್ವಾಮಿ, ಇವರನ್ನು ಬಿಟ್ಟರೆ ಇನ್ನು ಯಾರ ಹತ್ರ ಹೋಗೋಣ’ ಎಂದರು. ನಿಮ್ಮೂರಿನ ಕಷ್ಟದ ಬುಡವೂ ಆ ಮಾತಿನಲ್ಲೇ ಇದೆ.

ಡೀಲರ್ ಕೆಟ್ಟವನು, ಅದಕ್ಕೇ ಕದಿಯುತ್ತಾನೆ ಎಂದು ಜನ ಹೇಳುವುದುಂಟು. ಕೆಟ್ಟವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಸ್ವಲ್ಪ ಲೆಕ್ಕ ಹಾಕೋಣ. ರಾಜ್ಯದಲ್ಲಿ ಡೀಲರ್ ಕಮಿಷನ್ ಕಿಲೋಗೆ 1 ರೂಪಾಯಿ 24 ಪೈಸೆ ಇದ್ದದ್ದನ್ನು 2024ರ ಬಜೆಟ್ಟಿನಲ್ಲಿ 1 ರೂಪಾಯಿ 50 ಪೈಸೆಗೆ ಏರಿಸಿದರು. 520 ಜನಕ್ಕೆ ತಲಾ ಹತ್ತು ಕಿಲೋ ಎಂದರೆ 52 ಕ್ವಿಂಟಲ್, ಕಮಿಷನ್ 7,800 ರೂಪಾಯಿ. ಅದರಲ್ಲೇ ಬಾಡಿಗೆ, ಹಮಾಲಿ, ಕರೆಂಟು, ಸಹಾಯಕನ ಕೂಲಿ ಎಲ್ಲ ಕಳೆಯಬೇಕು. ಇನ್ನೊಂದು ಕಡೆ ನೋಡಿ: ಹತ್ತಕ್ಕೊಂದು ಕಿಲೋ ಹೊಡೆದರೆ 520 ಕಿಲೋ. ಕಾಳಸಂತೆಯಲ್ಲಿ ಕಿಲೋಗೆ 20 ರೂಪಾಯಿ ಸಿಕ್ಕಿತು ಎಂದುಕೊಂಡರೂ 10,400 ರೂಪಾಯಿ. ಅದರ ಮೇಲೆ ಕಾರ್ಡಿಗೆ 20ರಂತೆ 2,800. ನೇರ ಸಂಪಾದನೆಗಿಂತ ಕಳ್ಳ ಸಂಪಾದನೆಯೇ ದೊಡ್ಡದು. ಗಿರಾಕಿ ಬಿಟ್ಟು ಹೋಗುವ ಭಯವೂ ಇಲ್ಲ. ಈ ಡೀಲರ್ ಹೋಗಿ ಇನ್ನೊಬ್ಬರು ಬಂದರೂ ಈ ಎರಡು ಸಂಗತಿ ಹೀಗೇ ಇದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಡಬ್ಬ.

ಈಗ ದುಡ್ಡಿನ ವಿಚಾರಕ್ಕೆ ಬರೋಣ. ಮೆಕ್ಸಿಕೊದಲ್ಲಿ 2003ರ ನಂತರ ಸರ್ಕಾರವೇ ಒಂದು ಪ್ರಯೋಗ ಮಾಡಿತು. ಸುಮಾರು 200 ಬಡ ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಪ್ರತಿ ತಿಂಗಳು ಆಹಾರದ ಪೆಟ್ಟಿಗೆ, ಕೆಲವಕ್ಕೆ ನಗದು ಕೊಟ್ಟರು, ಉಳಿದವಕ್ಕೆ ಏನೂ ಕೊಡಲಿಲ್ಲ. ಜೆಸ್ಸಿ ಕುನ್ಹಾ, ಜಾಕೊಮೊ ಡಿ ಜಾರ್ಜಿ, ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞರು ಆ ಹಳ್ಳಿಗಳ ಅಂಗಡಿ ಬೆಲೆಗಳನ್ನು ಹೋಲಿಸಿ ನೋಡಿದರು. ನಗದು ಬಂದ ಊರುಗಳಿಗೆ ಹೋಲಿಸಿದರೆ ಪೆಟ್ಟಿಗೆ ಬಂದ ಊರುಗಳಲ್ಲಿ ಆಹಾರದ ಬೆಲೆ ಸುಮಾರು ಶೇ 4ರಷ್ಟು ಇಳಿದಿತ್ತು. ಅದೂ ಪೇಟೆಗೆ ದೂರವಿರುವ, ಒಂಟಿ ಊರುಗಳಲ್ಲೇ ಈ ಪರಿಣಾಮ ಜೋರಾಗಿತ್ತು.

ಕಾರಣ ನಿಮಗೆ ಹೊಸದೇನಲ್ಲ. ಮನೆಯಲ್ಲಿ ಸರ್ಕಾರದ ಅಕ್ಕಿ ಇದ್ದಾಗ ದಿನಸಿ ಅಂಗಡಿಯವರು ಬಾಯಿಗೆ ಬಂದ ಬೆಲೆ ಹೇಳಲಾರರು. ‘ಬೇಡ ಬಿಡಪ್ಪ, ರೇಷನ್ ಅಕ್ಕಿ ಐತೆ’ ಎಂದು ನೀವು ಎದ್ದು ಬರುತ್ತೀರಿ. ಅಂದರೆ ಒಂದೇ ದಿನಸಿ ಅಂಗಡಿ ಇರುವ ಊರಿನಲ್ಲಿ ನ್ಯಾಯಬೆಲೆ ಅಂಗಡಿಯೇ ಎರಡನೆಯ ಅಂಗಡಿ, ಅದೇ ಪೈಪೋಟಿ. ಅದನ್ನು ತೆಗೆದು ಎಲ್ಲರ ಕೈಗೂ ಒಂದೇ ವಾರದಲ್ಲಿ ದುಡ್ಡು ಕೊಟ್ಟರೆ ಆ ದುಡ್ಡೆಲ್ಲ ಒಂದೇ ಗಲ್ಲಾಪೆಟ್ಟಿಗೆಯ ಕಡೆ ಹೊರಡುತ್ತದೆ. ಬೆಂಗಳೂರಿನಲ್ಲಿ ಮಗನ ರೂಮಿನ ಕೆಳಗೆ ಸಾಲಾಗಿ ಅಂಗಡಿಗಳಿರಬಹುದು, ಅಲ್ಲಿಗೆ ಅವನ ಲೆಕ್ಕ ಸರಿ. ಅದನ್ನೇ ನಿಮ್ಮೂರಿಗೆ ಹಾಕಿದರೆ ತಪ್ಪುತ್ತದೆ.

ನೀವೇ ಇದರ ಸಣ್ಣ ರುಚಿ ಕಂಡಿದ್ದೀರಿ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಸಿಗದಿದ್ದಾಗ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 34 ಎಂಬುದು ಆಹಾರ ನಿಗಮದ ಅಕ್ಕಿಯ ದರ. ಆ ದರಕ್ಕೆ ಹಳ್ಳಿಯ ಅಂಗಡಿಯಲ್ಲಿ ಊಟದ ಅಕ್ಕಿ ಯಾರು ಕೊಡುತ್ತಿದ್ದರು? ಹೊರಗೆ ಬೆಲೆ ಏರಿದರೂ 170 ಎಂಬುದು 170 ಆಗಿಯೇ ಉಳಿಯಿತು. ಆಧಾರ್ ಜೋಡಣೆಯಾಗದ ಖಾತೆಗಳಿಗೆ ದುಡ್ಡು ಸೇರಲಿಲ್ಲ, ಕೆಲವು ಕಂತು ತಡವಾದವು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೇ ಮರಳಿದರು. ಅಕ್ಕಿಯ ಬೆಲೆ ಏರಿದರೂ ಐದು ಕಿಲೋ ಐದು ಕಿಲೋನೇ, ದುಡ್ಡಿಗೆ ಆ ಗುಣವಿಲ್ಲ. ಬೆಲೆ ಏರಿದಂತೆ ಮೊತ್ತವೂ ತಾನಾಗಿ ಏರಬೇಕೆಂದು ಆದೇಶದಲ್ಲೇ ಬರೆಯದಿದ್ದರೆ ನಗದು ವರ್ಷದಿಂದ ವರ್ಷಕ್ಕೆ ಕರಗುತ್ತದೆ.

ಇನ್ನೂ ಕಷ್ಟದ ಉದಾಹರಣೆ ಜಾರ್ಖಂಡಿನ ರಾಂಚಿ ಬಳಿಯ ನಗ್ಡಿ. 2017ರ ಅಕ್ಟೋಬರಿನಲ್ಲಿ ಅಲ್ಲಿ ಕಿಲೋಗೆ ಒಂದು ರೂಪಾಯಿಯ ಅಕ್ಕಿ ನಿಲ್ಲಿಸಿ, ಸಬ್ಸಿಡಿಯನ್ನು ಖಾತೆಗೆ ಹಾಕಿ, ಅದೇ ರೇಷನ್ ಅಂಗಡಿಯಲ್ಲಿ 32 ರೂಪಾಯಿ ಕೊಟ್ಟು ಕೊಳ್ಳಲು ಹೇಳಿದರು. ದುಡ್ಡು ಬಂತೋ ಇಲ್ಲವೋ ನೋಡಲು ಬ್ಯಾಂಕಿಗೆ ಒಂದು ಸಲ, ಬಿಡಿಸಲು ಸೇವಾ ಕೇಂದ್ರಕ್ಕೆ ಒಂದು ಸಲ, ಆಮೇಲೆ ಅಂಗಡಿಗೆ. ಕೂಲಿ ತಪ್ಪಿಸಿಕೊಂಡು ಅಲೆದು ಬೇಸತ್ತ ಜನ 2018ರ ಫೆಬ್ರವರಿಯಲ್ಲಿ ರಾಂಚಿಯವರೆಗೆ ನಡೆದುಕೊಂಡೇ ಹೋಗಿ ಪ್ರತಿಭಟಿಸಿದರು. ಆ ಆಗಸ್ಟಿನಲ್ಲಿ ಪ್ರಯೋಗ ಕೈಬಿಟ್ಟರು. ಕೊಡುವ ವಸ್ತು ಬದಲಾಗಿತ್ತು, ಅಂಗಡಿ ಮಾತ್ರ ಅದೇ ಒಂದು.

ಹಾಗೆಂದು ಅಕ್ಕಿಯೇ ಯಾವಾಗಲೂ ಮೇಲು ಎಂದರೆ ಅದೂ ತಪ್ಪು. ಇಂಡೊನೇಷ್ಯಾದ ಕಥೆ ನನ್ನ ಮನಸ್ಸನ್ನೇ ಸ್ವಲ್ಪ ಬದಲಿಸಿದ್ದು. ಅಲ್ಲಿ ಬಡವರಿಗೆ ಅಗ್ಗದ ಅಕ್ಕಿ ಕೊಡುವ ‘ರಾಸ್ಕಿನ್’ ಎಂಬ ಯೋಜನೆ ಇತ್ತು. ಅಕ್ಕಿ ಊರಿನ ಮುಖಂಡರ ಕೈ ಸೇರುತ್ತಿತ್ತು. ಅವರು ದಾಕ್ಷಿಣ್ಯಕ್ಕೋ ವೋಟಿಗೋ ಊರಿಗೆಲ್ಲ ಹಂಚುತ್ತಿದ್ದರು, ನಿಜವಾದ ಬಡವರಿಗೆ ಉಳಿಯುತ್ತಿದ್ದುದು ಚೂರು. ಸರ್ಕಾರ ಇದನ್ನು ನಿಲ್ಲಿಸಿ ಎಲೆಕ್ಟ್ರಾನಿಕ್ ವೋಚರ್ ತಂದಿತು, ಆಯ್ದ ಅಂಗಡಿಗಳಲ್ಲಿ ಅಕ್ಕಿ ಅಥವಾ ಮೊಟ್ಟೆ ಕೊಳ್ಳುವ ಕಾರ್ಡು ಅದು. ಅಭಿಜಿತ್ ಬ್ಯಾನರ್ಜಿ, ರೆಮಾ ಹನ್ನಾ, ಬೆಂಜಮಿನ್ ಓಲ್ಕೆನ್ ಮತ್ತು ಜೊತೆಗಾರರು 105 ಜಿಲ್ಲೆಗಳಲ್ಲಿ ಇದನ್ನು ಅಳೆದರು. ವೋಚರ್ ಬಂದಲ್ಲಿ ಅರ್ಹ ಕುಟುಂಬಗಳ ಕೈಗೆ ಶೇ 46ರಷ್ಟು ಹೆಚ್ಚು ನೆರವು ಸೇರಿತ್ತು. ಮೊದಲಿನಿಂದಲೂ ತೀರಾ ಕೆಳಗಿದ್ದ ಶೇ 15ರಷ್ಟು ಕುಟುಂಬಗಳಲ್ಲಿ ಬಡತನ ಐದರಲ್ಲೊಂದು ಭಾಗ ಇಳಿದಿತ್ತು. ಜನ ಒಳ್ಳೆಯ ಅಕ್ಕಿ ಕೊಂಡರು, ಮೊಟ್ಟೆ ಹೆಚ್ಚು ತಿಂದರು. ದೊಡ್ಡ ಫಲವೇ ಇದು. ಆದರೆ ಲಾಭ ಮುಖ್ಯವಾಗಿ ಬಂದದ್ದು ಬಡವರ ಪಾಲನ್ನು ಊರಿಗೆಲ್ಲ ಹರಡುತ್ತಿದ್ದ ಕೈ ದಾರಿಯಿಂದ ಸರಿದದ್ದರಿಂದ. ನಿಮ್ಮೂರಿನ ಕಾಯಿಲೆ ಅದಲ್ಲ. ನಿಮ್ಮ ಹೆಸರಿನ ಅಕ್ಕಿ ನಿಮ್ಮ ಹೆಸರಿಗೇ ಬರುತ್ತಿದೆ, ತೂಕದಲ್ಲಿ ಹೋಗುತ್ತಿದೆ.

ಅಂಗಡಿ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಡೊಮಿನಿಕನ್ ರಿಪಬ್ಲಿಕ್ಕಿನಲ್ಲಿ ನೇರ ಉತ್ತರವಿದೆ. ಅಲ್ಲಿ ಬಡವರ ನೆರವಿನ ಕಾರ್ಡು ಸರ್ಕಾರ ಒಪ್ಪಿದ ದಿನಸಿ ಅಂಗಡಿಗಳಲ್ಲಿ ಮಾತ್ರ ನಡೆಯುತ್ತಿತ್ತು. ಮಥಿಯಾಸ್ ಬುಸ್ಸೊ ಮತ್ತು ಸೆಬಾಸ್ಟಿಯನ್ ಗಲಿಯಾನಿ ಮಾಡಿದ ಪ್ರಯೋಗದಲ್ಲಿ 72 ಪ್ರದೇಶಗಳ ಪೈಕಿ ಚೀಟಿಯಲ್ಲಿ ಬಂದ ಕಡೆಗಳಿಗೆ ಒಟ್ಟು 61 ಹೊಸ ಅಂಗಡಿಗಳನ್ನು ಸೇರಿಸಿದರು. ಆರು ತಿಂಗಳಲ್ಲಿ ಬೆಲೆ ಶೇ 2ರಿಂದ 6ರಷ್ಟು ಇಳಿಯಿತು, ಗುಣಮಟ್ಟ ಕೆಡಲಿಲ್ಲ. ಕೊಡುವ ನೆರವು ಬದಲಾಗಲಿಲ್ಲ, ಬಾಗಿಲುಗಳ ಸಂಖ್ಯೆ ಹೆಚ್ಚಾಯಿತು ಅಷ್ಟೆ.

ಬೆರಳಚ್ಚು ಮೆಷಿನ್ ಬಂದ ಮೇಲೆ ಕಳ್ಳತನ ನಿಂತಿದೆ ಎಂಬ ನಂಬಿಕೆಯ ಬಗ್ಗೆಯೂ ಹೇಳಬೇಕು. ಅಕ್ಕಿ ಪಡೆಯಲು ಬಂದದ್ದು ಯಾರು ಎಂದು ಮೆಷಿನ್ ನೋಡುತ್ತದೆ, ಚೀಲದಲ್ಲಿ ಎಷ್ಟಿದೆ ಎಂದು ನೋಡುವುದಿಲ್ಲ. ನೀವು ಬೆರಳಿಟ್ಟ ಕ್ಷಣ ‘ಹತ್ತು ಕಿಲೋ ಕೊಟ್ಟಾಯಿತು’ ಎಂದು ದಾಖಲೆ ಹೋಗುತ್ತದೆ, ಚೀಲಕ್ಕೆ ಒಂಬತ್ತು ಬಿದ್ದರೂ. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಜಾರ್ಖಂಡಿನಲ್ಲಿ ಮಾಡಿದ ಅಧ್ಯಯನದಲ್ಲಿ, ಆಧಾರ್ ದೃಢೀಕರಣವೊಂದರಿಂದಲೇ ಸೋರಿಕೆ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡಿಗೆ ಆಧಾರ್ ಜೋಡಿಸದ ಕುಟುಂಬಗಳು ಸಿಗುತ್ತಿದ್ದ ನೆರವಿನಲ್ಲಿ ಸುಮಾರು ಶೇ 10ರಷ್ಟು ಕಳೆದುಕೊಂಡದ್ದು ಮಾತ್ರ ಕಂಡಿತು.

ಹಾಗಾದರೆ ನಿಮ್ಮ ಮುಂದೆ ಏನಿದೆ?

ಮೊದಲನೆಯದು, ಆರು ಕಿಲೋಮೀಟರ್ ದೂರದ ಆ ಇನ್ನೊಂದು ಅಂಗಡಿ. ನಿಮ್ಮ ಕಾರ್ಡಿಗೆ ಅಲ್ಲಿಯೂ ಅಕ್ಕಿ ಸಿಗಬೇಕು. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯುವ ಅವಕಾಶವಿದೆ. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿದೆ. ಗುಳೆ ಹೋಗುವವರಿಗೆ ಮಾತ್ರ ಇದು ಅನ್ವಯ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಒಬ್ಬರೇ ಹೋದರೆ ಆಟೋ ಬಾಡಿಗೆಗೇ ಅಕ್ಕಿಯ ಬೆಲೆ ಹೋಗುತ್ತದೆ. ಇಪ್ಪತ್ತು ಮನೆಯವರು ಸೇರಿ ಒಂದು ಲಗೇಜ್ ಆಟೋ ಮಾಡಿಕೊಂಡರೆ ಲೆಕ್ಕ ಬೇರೆ. ಇಪ್ಪತ್ತು ಕಾರ್ಡು ಎಂದರೆ ನಿಮ್ಮೂರಿನ ಸರಾಸರಿಯಲ್ಲಿ ಎಪ್ಪತ್ತೈದು ಜನ, ಏಳೂವರೆ ಕ್ವಿಂಟಲ್, ನಿಮ್ಮ ಡೀಲರ್‌ಗೆ ಸಾವಿರ ರೂಪಾಯಿಗೂ ಮಿಕ್ಕಿ ಕಮಿಷನ್ ಖೋತಾ. ಎರಡು ತಿಂಗಳು ಹೀಗೆ ನಡೆದರೆ ‘ಸರ್ವರ್ ಖರ್ಚು’ ತಾನಾಗಿ ಇಳಿಯುವ ಸಾಧ್ಯತೆ ಹೆಚ್ಚು. ಒಂದು ತೊಡಕಿದೆ: ಆ ಅಂಗಡಿಗೆ ಬಂದ ದಾಸ್ತಾನು ಅಲ್ಲಿಯ ಕಾರ್ಡುಗಳಿಗೆ ತಕ್ಕಷ್ಟೇ ಇರಬಹುದು, ‘ಸ್ಟಾಕ್ ಇಲ್ಲ’ ಎಂದು ಕಳಿಸಬಹುದು. ಮೊದಲು ಇಬ್ಬರು ಹೋಗಿ ವಿಚಾರಿಸಿ ಬನ್ನಿ, ಎಷ್ಟು ಕಾರ್ಡು ಬರುತ್ತವೆ ಎಂದು ತಾಲ್ಲೂಕಿನ ಆಹಾರ ನಿರೀಕ್ಷಕರಿಗೂ ಬರೆದು ತಿಳಿಸಿ.

ಎರಡನೆಯದು ನಿಮ್ಮ ಸಂಘವೇ ಅಂಗಡಿ ಹಿಡಿಯುವುದು. ನನಗೆ ಇದರ ಮೇಲೆ ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 12ನೇ ಸೆಕ್ಷನ್ ಅಂಗಡಿ ಪರವಾನಗಿಯಲ್ಲಿ ಪಂಚಾಯಿತಿ, ಸ್ವಸಹಾಯ ಸಂಘ, ಸಹಕಾರ ಸಂಘಗಳಿಗೆ ಆದ್ಯತೆ ಕೊಡಲು, ಹೆಂಗಸರೇ ನಡೆಸುವಂತೆ ಮಾಡಲು ಸರ್ಕಾರಗಳು ಹಂತಹಂತವಾಗಿ ಪ್ರಯತ್ನಿಸಬೇಕು ಎನ್ನುತ್ತದೆ. ಛತ್ತೀಸ್‌ಗಢ 2004ರಲ್ಲೇ ಖಾಸಗಿ ಡೀಲರ್‌ಗಳಿಂದ ಅಂಗಡಿಗಳನ್ನು ತೆಗೆದು ಇಂಥವರ ಕೈಗೆ ಕೊಟ್ಟಿತು, ಕಮಿಷನ್ ಏರಿಸಿತು, ಅಕ್ಕಿಯನ್ನು ಅಂಗಡಿಯ ಬಾಗಿಲಿಗೇ ಮುಟ್ಟಿಸಿತು. ಅರ್ಧದಷ್ಟಿದ್ದ ಸೋರಿಕೆ ಕೆಲವೇ ವರ್ಷಗಳಲ್ಲಿ ಶೇ 10ರ ಆಸುಪಾಸಿಗೆ ಇಳಿಯಿತೆಂದು ಜೀನ್ ಡ್ರೆಜ್ ಮತ್ತು ರೀತಿಕಾ ಖೇರಾ ಅವರ ಲೆಕ್ಕಗಳು ತೋರಿಸಿದವು. 2012ರಲ್ಲಿ ರಾಯಪುರದಲ್ಲಿ ‘ಮೇರಿ ಮರ್ಜಿ’ ಎಂಬ ಹೆಸರಿನಲ್ಲಿ ಇಷ್ಟ ಬಂದ ಅಂಗಡಿಗೆ ಹೋಗುವ ಸ್ವಾತಂತ್ರ್ಯವೂ ಬಂತು. ಕಮಿಷನ್ ಏರಿಸಿದ್ದನ್ನು ದಯವಿಟ್ಟು ಮರೆಯಬೇಡಿ. ಮೇಲಿನ 7,800 ರೂಪಾಯಿಯಲ್ಲಿ ನಿಮ್ಮ ಸಂಘವೂ ಬದುಕಬೇಕಾಗುತ್ತದೆ. ಇಬ್ಬರು ಹೆಂಗಸರ ದಿನಗೂಲಿ, ಮೂಟೆ ಇಳಿಸುವ ಖರ್ಚು, ಇಲಿ ಹೆಗ್ಗಣ ತಿಂದ ಅಕ್ಕಿ, ಗೋದಾಮಿನಿಂದಲೇ ಕಡಿಮೆ ಬರುವ ಮೂಟೆ, ಎಲ್ಲವನ್ನೂ ಬರೆದು ಕೂಡಿಸಿ ನೋಡಿ. ಬೇರೆ ಸಣ್ಣ ವ್ಯಾಪಾರವಿಲ್ಲದೆ ಕಮಿಷನ್ ಒಂದನ್ನೇ ನಂಬಿ ಇಳಿದ ಸಂಘಗಳು ಒಂದೆರಡು ವರ್ಷದಲ್ಲಿ ಕೈಸೋತು ಹಳೆಯ ಡೀಲರ್‌ಗೇ ಒಳಗೊಳಗೆ ಬಿಟ್ಟುಕೊಟ್ಟದ್ದನ್ನು ಕಂಡಿದ್ದೇನೆ.

ಇಲ್ಲಿಯೂ ಇಂಡೊನೇಷ್ಯಾದ ಇನ್ನೊಂದು ಅಧ್ಯಯನ ನೆನಪಿಗೆ ಬರುತ್ತದೆ, ಬಹುಪಾಲು ಅದೇ ತಂಡದ್ದು. 572 ಸ್ಥಳಗಳ ಪೈಕಿ ಚೀಟಿಯಲ್ಲಿ ಬಂದ ಕೆಲವು ಕಡೆ ಅಕ್ಕಿ ಹಂಚುವ ಕೆಲಸಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದರು. ಅವುಗಳಲ್ಲಿ ಶೇ 17ರಷ್ಟು ಕಡೆ ಹಂಚುವವರು ಬದಲಾದರು. ಖರ್ಚು ಇಳಿಯಿತು, ಅಕ್ಕಿಯ ಗುಣಮಟ್ಟ ಹಾಗೇ ಇತ್ತು. ಆದರೆ ಜನ ಕೊಡುವ ಬೆಲೆ ಇಳಿದದ್ದು ಹೆಚ್ಚು ಅರ್ಜಿದಾರರು ಬರುವಂತೆ ಬೇಕೆಂದೇ ಮುತುವರ್ಜಿ ವಹಿಸಿದ ಊರುಗಳಲ್ಲಿ ಮಾತ್ರ. ಒಬ್ಬರ ಬದಲು ಇನ್ನೊಬ್ಬರು ಬಂದಲ್ಲಿ ಉಳಿತಾಯ ಹಂಚುವವರ ಜೇಬಿನಲ್ಲೇ ಉಳಿಯಿತು. ನಿಮ್ಮ ಸಂಘಕ್ಕೂ ಈ ಮಾತು ಹೊರತಲ್ಲ. ಹೆಂಗಸರ ಸಂಘ ಎಂದ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ. ಪಕ್ಕದೂರಿನ ಅಂಗಡಿಗೆ ಹೋಗುವ ದಾರಿ ನಿಮ್ಮ ಗಿರಾಕಿಗಳಿಗೂ ತೆರೆದಿರಬೇಕು, ತಕ್ಕಡಿಯ ಮುಖ ಅವರ ಕಡೆಗಿರಬೇಕು.

ದೂರು ಕೊಡುವ ದಾರಿಯೂ ಇದೆ, ಅದನ್ನು ಮೇಲಿನ ಎರಡರ ಜೊತೆಗೆ ಹಿಡಿಯಿರಿ. ಪಡಿತರ ಸಹಾಯವಾಣಿ 1967. ಕಾಯ್ದೆಯಂತೆ ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ರಾಜ್ಯಕ್ಕೊಂದು ಆಹಾರ ಆಯೋಗ, ಪ್ರತಿ ಅಂಗಡಿಗೂ ಜಾಗೃತಿ ಸಮಿತಿ ಇರಬೇಕು. ನಿಮ್ಮ ಅಂಗಡಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ, ಬಹಳ ಊರುಗಳಲ್ಲಿ ಸದಸ್ಯರಿಗೇ ಗೊತ್ತಿರುವುದಿಲ್ಲ. ಬರೀ ‘ಕಡಿಮೆ ಕೊಡುತ್ತಾರೆ’ ಎಂದು ಬರೆದರೆ ಕಾಗದ ಕಡತ ಸೇರುತ್ತದೆ. ಹತ್ತು ಮನೆಯವರು ಅಕ್ಕಿಯನ್ನು ಅದೇ ದಿನ ಡೇರಿಯ ತಕ್ಕಡಿಯಲ್ಲಿ ತೂಗಿಸಿ, ಕಾರ್ಡಿನ ಪ್ರಕಾರ ಬರಬೇಕಾದ್ದು, ಕೈಗೆ ಬಂದದ್ದು, ಕೊಟ್ಟ ದುಡ್ಡು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಎರಡು ತಿಂಗಳ ಹಾಳೆ ಲಗತ್ತಿಸಿ ಕೊಡಿ. ಅಂಥ ದೂರನ್ನು ತಳ್ಳಿಹಾಕುವುದು ಅಧಿಕಾರಿಗೆ ಕಷ್ಟ. ಅಪಾಯವೆಂದರೆ ದೂರು ಕೊಟ್ಟವರ ಮೇಲೆ ಡೀಲರ್ ಹಗೆ ಸಾಧಿಸಬಹುದು, ಅದಕ್ಕೇ ಒಬ್ಬರ ಹೆಸರಲ್ಲಿ ಬೇಡ, ಸಂಘದ ಹೆಸರಲ್ಲಿ ಕೊಡಿ.

ಸಹಿಯ ವಿಷಯ: ಈಗಿರುವ ಅರ್ಜಿಗೆ ಹಾಕಬೇಡಿ ಎಂದೇ ನನ್ನ ಸಲಹೆ. ಹುಡುಗರ ಜೊತೆ ಕೂತು ಅದನ್ನು ತಿದ್ದಿಸಿ. ‘ಅಕ್ಕಿ ನಿಲ್ಲಿಸಿ ದುಡ್ಡು ಕೊಡಿ’ ಎಂಬಲ್ಲಿ ಹೀಗೆ ಬರೆಯಲಿ: ನಮ್ಮ ಊರಿಗೆ ಎರಡನೆಯ ವಿತರಣಾ ಕೇಂದ್ರ ಬೇಕು, ಇಲ್ಲವೇ ತಿಂಗಳಿಗೆರಡು ದಿನ ಪಕ್ಕದ ಅಂಗಡಿಯವರು ಇಲ್ಲಿಗೇ ಬಂದು ಹಂಚಬೇಕು, ಬೇರೆ ಊರಿನ ಕಾರ್ಡುದಾರರಿಗೆ ತಕ್ಕ ದಾಸ್ತಾನು ಆ ಅಂಗಡಿಗೆ ಮುಂಚೆಯೇ ಕೊಡಬೇಕು. ದುಡ್ಡೇ ಬೇಕೆನ್ನುವ ಮನೆಗಳಿಗೆ ಅದನ್ನು ಆರಿಸುವ ಹಕ್ಕಿರಲಿ, ಮೊತ್ತ ತಾಲ್ಲೂಕಿನ ಅಕ್ಕಿ ಬೆಲೆಗೆ ತಕ್ಕಂತೆ ಏರಲಿ, ಅಕ್ಕಿ ಬೇಕೆನ್ನುವವರ ಅಕ್ಕಿಗೆ ಕೈ ಹಚ್ಚುವುದು ಬೇಡ. ಕೇಂದ್ರದ ಕಾಯ್ದೆ ನಗದು, ಆಹಾರದ ಕೂಪನ್ ಎರಡನ್ನೂ ಹೆಸರಿಸಿದೆ, ಹಾಗಾಗಿ ಇದು ಕಾನೂನಿನ ಹೊರಗಿನ ಬೇಡಿಕೆಯಲ್ಲ. ಮಗನಿಗೂ ಈ ಪತ್ರ ಓದಿಸಿ. ಅವನು ಒಪ್ಪದಿದ್ದರೆ ಊರಿಗೆ ಬಂದಾಗ ದಿನಸಿ ಅಂಗಡಿಯಲ್ಲಿ ಅಕ್ಕಿಯ ಬೆಲೆ ಕೇಳಿಕೊಂಡು, ಅದೇ ದಿನ ಹಿರಿಯೂರೋ ಚಿತ್ರದುರ್ಗವೋ ಹತ್ತಿರದ ಪೇಟೆಯಲ್ಲೂ ಅದೇ ಅಕ್ಕಿಯ ಬೆಲೆ ಕೇಳಿ ಬರಲಿ.

ಇನ್ನು ನಿಮ್ಮತ್ತೆಯ ಬೆರಳು. ಕಳೆ ಕಿತ್ತು, ಮುಸುರೆ ತಿಕ್ಕಿ ರೇಖೆ ಸವೆದ ಬೆರಳುಗಳನ್ನು ಮೆಷಿನ್ ಗುರುತಿಸದಿರುವುದು ಎಲ್ಲೆಡೆ ಇದೆ, ಅದು ಅವರ ತಪ್ಪಲ್ಲ. ಬೆರಳಚ್ಚು ಹೊಂದಲಿಲ್ಲವೆಂದು ಯಾರಿಗೂ ರೇಷನ್ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರಾದರೂ ಬೆರಳಿಟ್ಟು ಇಡೀ ಕುಟುಂಬದ ಅಕ್ಕಿ ತರಬಹುದು. ಅವರದು ಒಂಟಿ ಕಾರ್ಡಾಗಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಹೊಸದಾಗಿ ತೆಗೆಸಿ, ಮೊಬೈಲ್ ನಂಬರನ್ನೂ ಸೇರಿಸಿ. ಅಷ್ಟರವರೆಗೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಬೇಕೆಂದು ಆಹಾರ ನಿರೀಕ್ಷಕರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯನ್ನು ಅತ್ತೆಯ ಚೀಲದಲ್ಲೇ ಇಟ್ಟು ಕಳಿಸಿ.